ಮೇಷ್ಟ್ರ ಕೊನೆಯ ಎರಡು ವರ್ಷ

ಮೇಷ್ಟ್ರು ತೀರಿಕೊಂಡು ಮೂರು ವಾರವಾಗಿತ್ತು. ಆ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅತ್ತೆ, ಅಂದರೆ ಮೇಷ್ಟ್ರ ಹೆಂಡತಿ, ಬೆಳಗ್ಗೆ ಉಜ್ಜಿಟ್ಟ ಪಾತ್ರೆಯನ್ನೇ ಮಧ್ಯಾಹ್ನ ಮತ್ತೆ ಉಜ್ಜುತ್ತಿದ್ದರು. ಅವರ ಮಗ, ಸೊಸೆಯ ಗಂಡ, ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಮ್ಮೆ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದ. ಎಂಟನೇ ತರಗತಿಯ ಮಗಳು ಚೂಟಿ ಒಂದು ಲೆಕ್ಕಕ್ಕೆ ಮೂರು ಸಲ ಜಾಗ ಬದಲಿಸುತ್ತಿದ್ದಳು. ಸೊಸೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ದಿನಕ್ಕೆ ಎಂಟು ಗಂಟೆ ಕೂತೇ ದುಡಿಯುವವಳು. ಅವಳಿಗೂ ಮನೆಗೆ ಬಂದರೆ ಕಾಲಡಿ ಇರುವೆ ಹತ್ತಿದ ಹಾಗೆ ಆಗುತ್ತಿತ್ತು.

ಹೆಡ್ ಮೇಡಂ ಬಂದದ್ದು ಅಂಥದೊಂದು ಸಂಜೆ. ಮೇಷ್ಟ್ರು ನಲವತ್ತು ವರ್ಷ ಗಣಿತ ಕಲಿಸಿದ ಶಾಲೆಯ ಮುಖ್ಯಸ್ಥೆ ಅವರು. ಸೊಸೆಯ ಗಂಡನಿಗೂ ಅದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಹಾಗಾಗಿ ಅವರು ಕೂತ ಮೇಲೂ ಅವನು ನಿಂತೇ ಇದ್ದ.

“ಮುಂದಿನ ತಿಂಗಳ ಕೊನೇ ಶನಿವಾರ ಸಭೆ ಇಟ್ಕೊಂಡಿದ್ದೀವಿ,” ಅಂದರು ಮೇಡಂ. “ಗಣಿತದ ಕೋಣೆಗೆ ಮೇಷ್ಟ್ರ ಹೆಸರಿಡೋದು ಅಂತ ತೀರ್ಮಾನ ಆಗಿದೆ. ಅವರ ಜೀವನದ ಬಗ್ಗೆ ಮನೆಯವರು ಒಂದು ಪುಟ ಬರೆದು ಓದಬೇಕು. ಹುಟ್ಟಿದ್ದು, ಕಲಿಸಿದ್ದು, ಮನೇಲಿ ಹೇಗಿದ್ರು ಅನ್ನೋದು.”

“ಆಗಲಿ ಮೇಡಂ,” ಅಂದ ಗಂಡ. ಅವರು ಮೆಟ್ಟಿಲಿಳಿಯುವ ತನಕ ಇನ್ನೆರಡು ಸಲ ಹಾಗೆಯೇ ಅಂದ. ಬಾಗಿಲು ಹಾಕಿಕೊಂಡು ಬಂದವನೇ ಹೆಂಡತಿಯ ಕಡೆ ತಿರುಗಿದ. “ನೀನೇ ಬರಿ. ನನ್ನ ಕೈಗೆ ಬರೋದು ಸುತ್ತೋಲೆ, ಹಾಜರಿ ಪಟ್ಟಿ ಅಷ್ಟೇ.”

“ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ, ಬರೀತೀನಿ. ಮಾವನ್ನ ಒಂದು ಪುಟದಲ್ಲಿ ಹಿಡಿಸೋದು ಹೇಗೆ?”

ಆದರೂ ಬರೆದಳು. ಕೌಂಟರಿನಲ್ಲಿ ಜನ ಕಡಿಮೆಯಿದ್ದಾಗ ಹಳೆಯ ವೇಳಾಪಟ್ಟಿಯ ಹಿಂಬದಿಯಲ್ಲಿ ಬರೆದಳು. ಊರಿನ ಅರ್ಧ ಜನಕ್ಕೆ ಭಿನ್ನರಾಶಿ ಬರುವುದು ಮೇಷ್ಟ್ರಿಂದ ಎಂದು ಬರೆದಳು. ತರಗತಿಯಲ್ಲಿ ಬ್ರೆಡ್ ಕತ್ತರಿಸಿ ಲೆಕ್ಕ ಕಲಿಸುತ್ತಿದ್ದರು, ಉತ್ತರ ತಪ್ಪಿದವರಿಗೆ ದೊಡ್ಡ ತುಂಡು, ಏಕೆಂದರೆ ಅವರು ಇನ್ನೊಮ್ಮೆ ದುಡಿಯಬೇಕಲ್ಲ. ಮನೆಯಲ್ಲಿ ಈರುಳ್ಳಿ ಹೆಚ್ಚುವ ಕೆಲಸ ಅವರದೇ. ತಾನು ಮದುವೆಯಾಗಿ ಬಂದ ಹೊಸದರಲ್ಲಿ ಕೌಂಟರಿನ ಕೆಲಸಕ್ಕೆ ಪರೀಕ್ಷೆ ಕಟ್ಟಿದಾಗ ಮಾವ ಮೂರು ತಿಂಗಳು ಪಕ್ಕ ಕೂತು ಪಾಠ ಹೇಳಿದ್ದನ್ನೂ ಬರೆದಳು. ಮೊದಲ ಸಂಬಳದ ದಿನ “ಇನ್ಮೇಲೆ ಮನೇಲಿ ಇಬ್ಬರು ಯಜಮಾನ್ತಿಯರು, ನಾನು ಬದುಕಿದೆ” ಎಂದಿದ್ದರು. ಅದನ್ನೂ ಸೇರಿಸಿದಳು.

ಊಟದ ಮೇಜಿನಲ್ಲಿ ಓದಿದಾಗ ಗಂಡ ಮೊದಲ ಸಲ ಏಳದೆ ಕೂತು ಕೇಳಿದ. ಚೂಟಿ ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆ ಪುಟದಲ್ಲಿ ಮೇಷ್ಟ್ರ ಕೊನೆಯ ಎರಡು ವರ್ಷ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಾಯಿತು, ಯಾರೂ ಆ ಮಾತು ಎತ್ತಲಿಲ್ಲ.

ಸಂಗತಿ ಹೀಗಿತ್ತು. ನಿವೃತ್ತಿಯಾದ ಮೇಲೂ ಶಾಲೆಯವರು ಮೇಷ್ಟ್ರನ್ನು ಬಿಟ್ಟಿರಲಿಲ್ಲ. ದಿನಕ್ಕೆ ಒಂದೇ ಒಂದು ಗಂಟೆ, ಒಂಬತ್ತನೇ ತರಗತಿಗೆ ಪಾಠ. ಎರಡು ವರ್ಷದ ಹಿಂದೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ದಾರಿ, ಆಮೇಲೆ ನಿನ್ನೆ ಮಾಡಿದ ಪಾಠ. ಡಾಕ್ಟರು ಇದು ವಾಸಿಯಾಗುವ ಕಾಯಿಲೆಯಲ್ಲ, ಬೆಳೆಯುವ ಕಾಯಿಲೆ ಎಂದರು. ಒಂದು ವಾರ ಶಾಲೆ ಬಿಡಿಸಿ ನೋಡಿದರು. ಮೇಷ್ಟ್ರು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರು. ಊಟ ಬಿಟ್ಟರು. ಏಳನೇ ದಿನ ಹೆಂಡತಿಯನ್ನೇ ಯಾರು ಎಂದು ಕೇಳಿದರು. ಎಂಟನೇ ದಿನ ಮಗ ಕೈ ಹಿಡಿದು ತರಗತಿಯ ಬಾಗಿಲ ತನಕ ಬಿಟ್ಟು ಬಂದ. ಸಂಜೆ ಮೇಷ್ಟ್ರು ನಗುತ್ತ ಮನೆಗೆ ಬಂದು “ಹಸಿವು” ಎಂದರು.

ಅಲ್ಲಿಂದ ಮನೆಮಂದಿಯೆಲ್ಲ ಸೇರಿ ಆ ಒಂದು ಗಂಟೆಯನ್ನು ಕಾಪಾಡಿದರು. ಗಂಡ ಆಫೀಸಿನಲ್ಲಿ ಕೂತು ವೇಳಾಪಟ್ಟಿ ಬದಲಾಗದಂತೆ ನೋಡಿಕೊಂಡ, ಮೇಷ್ಟ್ರ ಬಗ್ಗೆ ಬಂದ ಒಂದೆರಡು ದೂರುಗಳನ್ನು ಮೇಲೆ ಕಳಿಸದೆ ಅಲ್ಲೇ ಅದುಮಿಟ್ಟ. ಉತ್ತರ ಪತ್ರಿಕೆ ತಿದ್ದುವಾಗ ಮೇಷ್ಟ್ರ ಕೈ ಗಲಿಬಿಲಿಗೊಳ್ಳುವುದನ್ನು ಕಂಡು “ಅತ್ತೆ, ಸರಿ ಉತ್ತರ ಮಾವ ಬರೆದುಕೊಡಲಿ, ನೀವು ನೋಡಿಕೊಂಡು ತಿದ್ದಿಬಿಡಿ. ಯಾರಿಗೆ ಗೊತ್ತಾಗುತ್ತೆ?” ಎಂದವಳು ಸೊಸೆಯೇ. ಅತ್ತೆ ತಿದ್ದಿದರು, ಚೂಟಿ ಅಂಕ ಕೂಡಿಸಿದಳು. ಊಟದ ಮೇಜಿನ ಮೇಲೆ ಒಂದು ಕಡೆ ಸಾರಿನ ಪಾತ್ರೆ, ಇನ್ನೊಂದು ಕಡೆ ಕೆಂಪು ಶಾಯಿ. ಮೇಷ್ಟ್ರು ಕೊನೆಯಲ್ಲಿ ಸಹಿ ಹಾಕುತ್ತಿದ್ದರು. ಸಹಿ ಮಾತ್ರ ಅವರಿಗೆ ಕಡೆಯ ದಿನದವರೆಗೂ ತಪ್ಪಲಿಲ್ಲ. ಒಂದು ಬೆಳಗ್ಗೆ ಶಾಲೆಗೆ ಹೊರಡಲು ಶೂ ಹಾಕಿಕೊಳ್ಳುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದರು.

ಪುಟ ಓದಿದ ನಾಲ್ಕನೆಯ ದಿನ ಚೂಟಿ ಅಡುಗೆಮನೆಯ ಕಟ್ಟೆ ಹತ್ತಿ ಕೂತು ಶಾಲೆಯ ಹೋಂವರ್ಕ್ ಮಾಡುತ್ತಿದ್ದಳು.

“ಅಜ್ಜಿ, ಒಂದು ನಲ್ಲಿ ತೊಟ್ಟೀನ ಆರು ಗಂಟೇಲಿ ತುಂಬುತ್ತೆ. ಇನ್ನೊಂದು ಒಂಬತ್ತು ಗಂಟೇಲಿ ಖಾಲಿ ಮಾಡುತ್ತೆ. ಎರಡೂ ಒಟ್ಟಿಗೆ ಬಿಟ್ರೆ ತುಂಬೋಕೆ ಎಷ್ಟು ಹೊತ್ತು?”

“ಮೂರು ಗಂಟೆ ಮೂವತ್ತಾರು ನಿಮಿಷ,” ಅಂದರು ಅತ್ತೆ, ಸೌಟು ತಿರುಗಿಸುತ್ತಲೇ. “ಹೋದ ಸಲ ಪರೀಕ್ಷೇಲಿ ಬಂದಿತ್ತು. ನಲವತ್ತಮೂರು ಪತ್ರಿಕೇಲಿ ಅದನ್ನೇ ನೋಡಿ ನೋಡಿ ಬಾಯಿಪಾಠ ಆಗಿದೆ.”

“ಅದ್ಹೇಗಜ್ಜಿ? ಒಂದೇ ನಲ್ಲಿ ಬಿಟ್ರೆ ಆರು ಗಂಟೆ. ಇನ್ನೊಂದು ಖಾಲಿ ಮಾಡ್ತಾ ಇದ್ರೆ ಜಾಸ್ತಿ ಹೊತ್ತು ಆಗಬೇಕಲ್ವಾ? ಕಳೀಬೇಕು. ಹದಿನೆಂಟು ಗಂಟೆ.”

ಸೌಟು ನಿಂತಿತು. ಟೊಮೇಟೊ ತೊಳೆಯುತ್ತಿದ್ದ ಸೊಸೆ ತಿರುಗಿ ನೋಡಿದಳು. ಅತ್ತೆಯ ಮುಖ ಸುಣ್ಣವಾಗಿತ್ತು.

“ಒಂದು ಪತ್ರಿಕೇಲಿ ಹದಿನೆಂಟು ಅಂತಿತ್ತು,” ಅಂದರು ನಿಧಾನವಾಗಿ. “ಒಂದೇ ಒಂದರಲ್ಲಿ. ಗೆರೆ ಎಳೆಯೋ ಮುಂಚೆ ಅವರನ್ನ ಕೇಳಿದೆ. ‘ಎರಡೂ ತುಂಬೋ ನಲ್ಲಿ ಕಣೇ, ಕ್ಲಾಸಲ್ಲಿ ಹಾಗೇ ಬಿಡಿಸಿದೀನಿ, ಹುಡುಗಿ ತಪ್ಪು ಮಾಡಿದಾಳೆ’ ಅಂದರು. ಗೆರೆ ಎಳೆದೆ. ನಾಲ್ಕು ಅಂಕ.”

“ಯಾರ ಪತ್ರಿಕೆ?” ಅಂದಳು ಸೊಸೆ.

“ಚೌಕಾಸಿದು.”

ಚೌಕಾಸಿ ಎಂದರೆ ಮೇಷ್ಟ್ರೇ ಇಟ್ಟ ಅಡ್ಡಹೆಸರು. ಅರ್ಧ ಅಂಕಕ್ಕೂ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ವಾದ ಮಾಡುವ ಹುಡುಗಿ ಅವಳು. ತೊಂಬತ್ತು ದಾಟಿದವರಿಗೆ ಹತ್ತನೇ ತರಗತಿಯಲ್ಲಿ ಮೊದಲ ವಿಭಾಗ, ಅಲ್ಲಿ ಹೆಚ್ಚಿನ ಗಣಿತ. ಅವಳಿಗೆ ಬಂದದ್ದು ಎಂಬತ್ತೇಳು. ಈಗ ಎರಡನೆಯ ವಿಭಾಗದಲ್ಲಿದ್ದಾಳೆ.

ಅಂದಿನ ಊಟ ಊಟವಾಗಲಿಲ್ಲ.

“ಇದನ್ನ ಹೆಡ್ ಮೇಡಂಗೆ ಹೇಳಬೇಕು,” ಅಂದರು ಅತ್ತೆ. “ಆ ಪುಟದಲ್ಲೂ ಬರೀಬೇಕು. ಕೊನೇ ಎರಡು ವರ್ಷ ಬಿಟ್ಟು ಅವರನ್ನ ಓದಬೇಡಿ.”

ಗಂಡ ತಟ್ಟೆ ನೂಕಿ ಎದ್ದೇಬಿಟ್ಟ. “ಅಪ್ಪ ಹೋಗಿ ಇನ್ನೂ ತಿಂಗಳಾಗಿಲ್ಲ, ಅವರ ಹೆಸರಿಗೆ ಮಸಿ ಬಳಿಯೋಕೆ ಹೊರಟಿದ್ದೀಯಲ್ಲಮ್ಮಾ!”

“ಮಸಿ ಅಲ್ಲ ಕಣೋ, ಕೆಂಪು ಶಾಯಿ. ಬಳಿದವಳು ನಾನು.”

“ಜನ ಏನಂತಾರೆ ಗೊತ್ತಾ? ಮರೆವಿನ ಮುದುಕನ್ನ ಸಂಬಳದ ಆಸೆಗೆ ಕ್ಲಾಸಿಗೆ ನೂಕಿದ್ರು ಅಂತಾರೆ.”

“ಅನ್ನಲಿ. ಊರ ಬಾಯಿಗೆ ಚಿಲಕ ಇಲ್ಲ.”

“ಅನ್ನೋದು ನಿನಗಲ್ಲ, ನನಗೆ! ದೂರು ಅದುಮಿಟ್ಟವನು ನಾನು. ಕೆಲಸ ಹೋದ್ರೆ?” ಅವನು ಹೆಂಡತಿಯ ಕಡೆ ತಿರುಗಿದ. “ನೀನಾದ್ರೂ ಒಂದು ಮಾತು ಹೇಳಬಾರದಾ?”

ಸೊಸೆ ಮೇಜಿನ ಮೇಲಿನ ತಟ್ಟೆಗಳನ್ನು ಎತ್ತಿಡತೊಡಗಿದಳು. ಅತ್ತ ದರಿ, ಇತ್ತ ಪುಲಿ. ಉಪಾಯ ಮೊದಲು ಬಂದದ್ದು ತನ್ನ ತಲೆಗೇ ಎಂಬುದನ್ನು ಈ ಇಬ್ಬರಲ್ಲಿ ಯಾರೂ ಎತ್ತಿ ಆಡಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಮುಂದಿನ ಎರಡು ವಾರ ಮನೆಯಲ್ಲಿ ಮಾತೆಂದರೆ “ಉಪ್ಪು ಕೊಡು”, “ಬೆಳಕು ಆರಿಸು”. ಅತ್ತೆ ಮಂಚಗಳ ದಿಕ್ಕು ಬದಲಿಸಿದರು, ಮರುದಿನ ಮತ್ತೆ ಮೊದಲಿನಂತೆ ಎಳೆದರು. ಸಂಜೆ ಚಪ್ಪಲಿ ಮೆಟ್ಟಿ ಹೊರಟರೆ ಎಲ್ಲಿಗೆಂದು ಹೇಳುತ್ತಿರಲಿಲ್ಲ. ಒಂದು ದಿನ ಕೌಂಟರಿನ ಕಿಂಡಿಯ ಮುಂದೆ ಒಬ್ಬ ಲಾರಿ ಚಾಲಕ ನಿಂತು ಸಾಲನ್ನೇ ತಡೆದ. “ಅಕ್ಕಾ, ನೀವು ಮೇಷ್ಟ್ರ ಸೊಸೆ ಅಲ್ವಾ? ಏಳನೇ ಕ್ಲಾಸಲ್ಲಿ ನಾನೊಬ್ಬ ದಡ್ಡ ಅಂತ ಎಲ್ಲರೂ ಕೈ ಬಿಟ್ಟಿದ್ರು. ಅವರು ಬಿಡಲಿಲ್ಲ. ಒಂದು ದಿನಾನೂ ಅವರ ಕೈಯಲ್ಲಿ ಯಾರಿಗೂ ಅನ್ಯಾಯ ಆಗಲಿಲ್ಲ ನೋಡಿ.” ಹಿಂದಿನವರು ಗೊಣಗಿದರು. ಸೊಸೆ ಅವನಿಗೆ ಚಿಲ್ಲರೆ ಕೊಟ್ಟಳು, ಟಿಕೆಟ್ ಕೊಡಲು ಮರೆತಳು. ಅವನು ತಿರುಗಿ ಬಂದು ಕೇಳಬೇಕಾಯಿತು.

ಅಂದು ಸಂಜೆ ಮನೆಗೆ ಬಂದವಳು ಚೀಲ ಇಳಿಸದೆ “ಅತ್ತೆ, ಚೌಕಾಸಿ ಮನೆ ಎಲ್ಲಿ?” ಎಂದಳು.

“ನನಗೆ ಗೊತ್ತು,” ಅಂದರು ಅತ್ತೆ, ಚಪ್ಪಲಿಗೆ ಕಾಲು ತೂರಿಸುತ್ತ. “ದಿನಾ ಸಂಜೆ ಅವರ ಬೀದಿ ಕೊನೆ ತನಕ ಹೋಗಿ ವಾಪಸ್ ಬರ್ತಿದ್ದೀನಿ.”

ಚೌಕಾಸಿಯ ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಕೆಲಸ ಇಟ್ಟುಕೊಂಡಿದ್ದಳು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ. ಹುಡುಗಿ ನೆಲದ ಮೇಲಿನ ಕೂದಲು ಗುಡಿಸುತ್ತಿದ್ದಳು. ಮೇಷ್ಟ್ರ ಹೆಂಡತಿಯನ್ನು ಕಂಡು ಅಮ್ಮ ಕತ್ತರಿ ಕೆಳಗಿಟ್ಟಳು. “ಅಯ್ಯೋ ಬನ್ನಿ, ಬನ್ನಿ! ದೇವರಂಥ ಮನುಷ್ಯರು!”

ಅತ್ತೆ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಮರೆವು, ಮೇಜು, ಕೆಂಪು ಶಾಯಿ, ಹದಿನೆಂಟು. “ನಿನ್ನ ಉತ್ತರ ಸರಿಯಿತ್ತು ಮಗೂ. ಗೆರೆ ಎಳೆದದ್ದು ನನ್ನ ಕೈ.”

“ತಿದ್ದೋ ಉಪಾಯ ನಂದು,” ಅಂದಳು ಸೊಸೆ. ಹೇಳಿದ ಮೇಲೆ ಉಸಿರು ಸಲೀಸಾಯಿತು.

ಹುಡುಗಿ ಪೊರಕೆ ಗೋಡೆಗೆ ಒರಗಿಸಿದಳು. “ಸರ್‌ಗೆ ಮರೆವು ಅಂತ ನಮಗೆ ಗೊತ್ತಿತ್ತು.”

“ಯಾರಿಗೆ?”

“ಕ್ಲಾಸಿಗೆಲ್ಲ. ಎಷ್ಟನೇ ಪುಟ ಅಂತ ಹೇಳಿಕೊಡೋಕೆ ಪಾಳಿ ಹಾಕ್ಕೊಂಡಿದ್ವಿ, ಹಾಜರಿ ನಂಬರಿನ ಪ್ರಕಾರ. ಅವರು ಬರೋ ಮುಂಚೆ ನಿನ್ನೆ ಲೆಕ್ಕ ಬೋರ್ಡ್ ಮೇಲೆ ಬರೆದಿಡ್ತಿದ್ವಿ. ನೀವು ಮುಚ್ಚಿಡ್ತಿದ್ರಿ ಅಂದ್ಕೊಂಡಿದ್ರಾ? ಮುಚ್ಚಿಟ್ಟಿದ್ದು ನಾವು.”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಹುಡುಗಿಯ ದನಿ ಏರಿತು.

“ಆದ್ರೆ ಆ ನಾಲ್ಕು ಅಂಕ ಕೇಳೋಕೆ ನಾನು ಆಫೀಸಿಗೆ ಹೋದೆ. ನಿಮ್ಮನೆ ಅಂಕಲ್ ಅರ್ಜಿ ತಗೊಂಡ್ರು, ಏನೂ ಆಗಲಿಲ್ಲ. ಹೆಡ್ ಮೇಡಂ ಹತ್ರ ಹೋದೆ. ಅಂಥ ಮೇಷ್ಟ್ರ ಜೊತೆ ವಾದ ಮಾಡ್ತೀಯಾ, ಹೋಗಿ ಕ್ಷಮೆ ಕೇಳು ಅಂದ್ರು. ಕೇಳಿದೆ. ಸರ್ ತಲೆ ಸವರಿ ‘ಹೋಗಲಿ ಬಿಡು, ತಪ್ಪು ಎಲ್ಲರಿಗೂ ಆಗುತ್ತೆ’ ಅಂದ್ರು. ಅವರಿಗೆ ಬಯ್ಯೋಕೂ ಆಗಲ್ಲ. ಅಳೋಕೂ ಆಗಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ ಅಜ್ಜಿ?”

“ಹೋಗಲಿ ಬಿಡೇ,” ಅಂದಳು ಅಮ್ಮ. “ದೊಡ್ಡವರು ಮನೆ ಬಾಗಿಲಿಗೆ ಬಂದಿದ್ದಾರೆ.”

“ಹೋಗಲಿ ಅಂತ ನೀನ್ಯಾಕಮ್ಮ ಹೇಳ್ತೀಯ? ಅಂಕ ನಂದು.”

“ನಿನಗೇನು ಬೇಕು, ಹೇಳು,” ಅಂದರು ಅತ್ತೆ.

“ಹದಿನೆಂಟು ಸರಿ ಅಂತ ಬರೆದುಕೊಡಿ. ಶಾಲೇಲಿ ಕೊಡಿ. ಇಲ್ಲಿ ಹೇಳಿದ್ರೆ ಈ ಕನ್ನಡಿ ಬಿಟ್ರೆ ಯಾರೂ ಕೇಳಿಸ್ಕೊಳ್ಳಲ್ಲ.”

ದಾರಿಯುದ್ದಕ್ಕೂ ಅತ್ತೆ ಒಂದೇ ಮಾತು ಆಡುತ್ತಿದ್ದರು: “ಪಾಳಿ ಹಾಕ್ಕೊಂಡಿದ್ರಂತೆ, ಪಾಳಿ.”

ಸೊಸೆ ಅಂದೇ ಗಂಡನಿಗೆ ಹೇಳಿದಳು. ಅವನು ಬಟ್ಟೆ ಮಡಚುತ್ತಿದ್ದ. ಆ ಅರ್ಜಿ ಇನ್ನೂ ತನ್ನ ಡ್ರಾಯರಿನಲ್ಲೇ ಇದೆ ಎಂದ.

ಮೂರನೆಯ ದಿನ ಬೆಳಗ್ಗೆ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಒಂದು ಕವರು ಹಿಡಿದು ಬಾಗಿಲಿಗೆ ಬಂದರು. ಶಾಲೆಗೆ ಹೊರಟಿದ್ದ ಗಂಡ ಅಡ್ಡ ನಿಂತು ಕವರು ತೆಗೆದುಕೊಂಡು ಓದಿದ. ಹಾಳೆಯಲ್ಲಿ ನಾಲ್ಕೇ ಸಾಲಿತ್ತು. ಮೇಷ್ಟ್ರ ಮರೆವನ್ನು ಮುಚ್ಚಿಟ್ಟದ್ದೂ ಪತ್ರಿಕೆ ತಿದ್ದಿದ್ದೂ ತಾನೊಬ್ಬಳೇ, ಮಗನಿಗೂ ಸೊಸೆಗೂ ಏನೂ ಗೊತ್ತಿಲ್ಲ ಎಂದು.

“ಇದು ಸುಳ್ಳು,” ಅಂದ.

“ನಿನ್ನ ಕೆಲಸ ಉಳಿಯುತ್ತಲ್ಲ.”

ಅವನು ಹಾಳೆಯನ್ನು ಮತ್ತೆ ನೋಡಿದ. “ವಿಷಯ ಅಂತ ಮೇಲೆ ಹಾಕಬೇಕಮ್ಮ. ತಾರೀಕು ಹಾಕಿಲ್ಲ. ಹೀಗೆ ಕೊಟ್ರೆ ಆಫೀಸಲ್ಲಿ ತಗೊಳ್ಳೋದೇ ಇಲ್ಲ.” ಬೂಟು ಕಳಚಿ ಒಳಗೆ ಬಂದು ಮೇಜಿನ ಮುಂದೆ ಕೂತ. ಬಿಳಿ ಹಾಳೆ ತೆಗೆದು ಮೊದಲಿನಿಂದ ಬರೆದ. ಚೌಕಾಸಿಯ ಅರ್ಜಿ ಬಂದ ದಿನ, ತಾನು ಅದನ್ನು ತಡೆಹಿಡಿದ ದಿನ, ಎಲ್ಲ ಬರೆದು ಕೆಳಗೆ ತನ್ನ ಸಹಿ ಹಾಕಿ ತಾಯಿಯ ಕಡೆ ಸರಿಸಿದ. ಅತ್ತೆ ಸಹಿ ಹಾಕಿದರು. ಸೊಸೆ ಕೈ ಒರೆಸಿಕೊಂಡು ಬಂದು ತಾನೂ ಹಾಕಿದಳು.

“ನಾನು ಕೂಡಿಸಿದ್ದೆ, ನಾನೂ ಹಾಕ್ತೀನಿ,” ಅಂದಳು ಚೂಟಿ.

“ಕೂಡಿಸಿದ್ದು ಸರಿಯಾಗಿತ್ತು, ನೀನು ಸುಮ್ನಿರು,” ಅಂದ ಗಂಡ. ಎಷ್ಟೋ ವಾರದ ಮೇಲೆ ಅವನ ದನಿಯಲ್ಲಿ ನಗೆಯ ಎಳೆಯಿತ್ತು.

ಹೆಡ್ ಮೇಡಂ ನಗಲಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದು “ಎಲ್ಲರೂ ಸೇರಿ ನನ್ನನ್ನ ಎರಡು ವರ್ಷ ಮೂರ್ಖಳನ್ನಾಗಿ ಮಾಡಿದ್ರಿ” ಅಂದರು. ಆಮೇಲೆ ತುಸು ತಗ್ಗಿದ ದನಿಯಲ್ಲಿ, “ಆ ಹುಡುಗೀನ ಕ್ಷಮೆ ಕೇಳೋಕೆ ಕಳಿಸಿದವಳು ನಾನು,” ಅಂದರು. ನಲವತ್ತಮೂರು ಪತ್ರಿಕೆಗಳನ್ನೂ ಬೇರೆ ಮೇಷ್ಟ್ರಿಂದ ಮತ್ತೆ ತಿದ್ದಿಸಿದರು. ಕೊಟ್ಟ ಅಂಕ ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಕಳೆದುಕೊಂಡಿದ್ದ ಮೂವರಿಗೆ ಅಂಕ ಸಿಕ್ಕಿತು. ಚೌಕಾಸಿ ಮೊದಲ ವಿಭಾಗಕ್ಕೆ ಬಂದಳು. ಗಣಿತದ ಕೋಣೆಗೆ ಹೆಸರಿಡುವ ಮಾತು ನಿಂತುಹೋಯಿತು. ಗಂಡನ ಕೆಲಸ ಹೋಗಲಿಲ್ಲ, ಆದರೆ ಆಫೀಸಿನಿಂದ ಎತ್ತಿ ಉಗ್ರಾಣಕ್ಕೆ ಹಾಕಿದರು. ಸೀಮೆಸುಣ್ಣ, ಪೊರಕೆ, ಮಡಚುವ ಕುರ್ಚಿಗಳ ಯಜಮಾನಿಕೆ. ಮೊದಲ ದಿನ ಮೈಯೆಲ್ಲ ಧೂಳಾಗಿ ಬಂದವನು ನೇರ ಸ್ನಾನಕ್ಕೆ ಹೋದ.

ಸಭೆ ಮಾತ್ರ ನಡೆಯಿತು, ಶಾಲೆಯ ಅಂಗಳದಲ್ಲಿ. ಸೊಸೆ ಓದಿದಳು. ಈಗ ಪುಟ ಒಂದಲ್ಲ, ಮೂರಾಗಿತ್ತು. ಬ್ರೆಡ್ಡಿನ ತುಂಡಿಗೆ ಜನ ನಕ್ಕರು. ಮರೆವಿಗೆ ಬಂದಾಗ ಕೆಲವರು ಪಕ್ಕದವರ ಮುಖ ನೋಡಿದರು. ಓದಿ ಮುಗಿದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ವಕೀಲರೊಬ್ಬರು, ಮೇಷ್ಟ್ರ ಹಳೆಯ ಶಿಷ್ಯ, ಎದ್ದು ನಿಂತರು.

“ಇದನ್ನೆಲ್ಲ ಇಲ್ಲಿ ಹೇಳಬೇಕಿತ್ತೇನಮ್ಮಾ? ನಮ್ಮ ಮೇಷ್ಟ್ರು ನಮ್ಮ ಮನಸ್ಸಲ್ಲಿ ಹೇಗಿದ್ರೋ ಹಾಗೇ ಇರಬಾರದಾ?” ಎಂದವರು ಉತ್ತರಕ್ಕೆ ಕಾಯದೆ ಗೇಟಿನ ಕಡೆ ನಡೆದರು. ಅವರ ಹಿಂದೆ ಇನ್ನು ಮೂರು ನಾಲ್ಕು ಜನ ಹೊರಟರು. ತಪ್ಪು ಮಾಡಿದೆನೇ ಎಂದು ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ನೆಲ ನೋಡುತ್ತಿದ್ದರು.

ಆಗ ಮಕ್ಕಳ ಸಾಲಿನಿಂದ ಚೌಕಾಸಿ ಎದ್ದಳು. ಪಕ್ಕದವಳು ಲಂಗ ಹಿಡಿದೆಳೆದರೂ ಕೂರಲಿಲ್ಲ.

“ಒಂದು ದಿನ ಸರ್ ಲೆಕ್ಕದ ಮಧ್ಯೆ ನಿಂತುಬಿಟ್ರು. ‘ನಾನು ಏನು ಹೇಳ್ತಿದ್ದೆ ಮಕ್ಕಳೇ?’ ಅಂದ್ರು. ಹಿಂದಿನ ಬೆಂಚಿನವನು ‘ನಿಮ್ಮ ಮದುವೆ ಕಥೆ ಸಾರ್’ ಅಂದ. ಸುಳ್ಳು ಹೇಳಿದ. ಸರ್ ‘ಹೌದಲ್ವಾ’ ಅಂತ ಸೀಮೆಸುಣ್ಣ ಕೆಳಗಿಟ್ಟು ಹೇಳಿದ್ರು.”

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಗೇಟಿನ ಹತ್ತಿರ ಹೋದ ವಕೀಲರು ನಿಂತರು.

“ಮದುವೆಗೆ ಮುಂಚೆ ಸರ್ ಈ ಅಜ್ಜಿ ಮನೆಗೆ ಹೋಗ್ತಿದ್ರಂತೆ, ಅಜ್ಜಿ ತಮ್ಮನಿಗೆ ಪಾಠ ಹೇಳೋಕೆ. ಒಂದು ದಿನ ಅಜ್ಜಿ ಮಹಡಿ ತೊಳೆದ ನೀರನ್ನ ಮೇಲಿಂದ ಬಕೆಟ್ ಪೂರ್ತಿ ಸರ್ ತಲೆ ಮೇಲೆ ಸುರಿದ್ರಂತೆ. ಆಮೇಲೆ ಅಜ್ಜೀನೇ ಓಡಿ ಬಂದು ಟವೆಲ್ ಕೊಟ್ರಂತೆ. ‘ನೀರು ಸುರಿದ ಕೈಯೇ ಟವೆಲ್ಲೂ ಕೊಡ್ತು ಕಣ್ರೋ, ಅಂಥ ಕೈ ಬಿಡಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ’ ಅಂದ್ರು.”

“ನಾನಲ್ಲ!” ಅತ್ತೆ ಕುರ್ಚಿಯಿಂದ ಧಡಕ್ಕನೆ ಎದ್ದರು. “ಶುದ್ಧ ತಪ್ಪು! ಟವೆಲ್ ಕೊಟ್ಟಿದ್ದು ನಾನು. ನೀರು ಸುರಿದವಳು ನಮ್ಮಕ್ಕ!”

ಇಡೀ ಅಂಗಳ ಗೊಳ್ಳೆಂದಿತು. ಹೆಡ್ ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು.

“ಹಾಗಾದ್ರೆ ಅರ್ಧ ಅಂಕ ಕೊಡಿ ಅಜ್ಜಿ,” ಅಂದಳು ಚೌಕಾಸಿ. “ಟವೆಲ್ ಸರಿಯಿತ್ತಲ್ಲ.”

ಅತ್ತೆ ನಗುತ್ತಿದ್ದರು, ನಗುತ್ತಲೇ ಅಳುತ್ತಿದ್ದರು. “ಅದನ್ನ ನನಗೆ ಯಾವತ್ತೂ ಹೇಳಲಿಲ್ಲವಲ್ಲೇ... ಅಂಥ ಕೈ ಅಂತ... ಇನ್ನೇನಂದ್ರು? ಕ್ಲಾಸಲ್ಲಿ ಇನ್ನೇನು ಹೇಳ್ತಿದ್ರು?”

ಮಕ್ಕಳು ಒಬ್ಬರ ಮೇಲೊಬ್ಬರು ಎದ್ದರು. ಒಬ್ಬ ಮೇಷ್ಟ್ರು ತನಗೆ ಎರಡು ಸಲ ಒಂದೇ ದಿನ ಶಹಭಾಸ್ ಕೊಟ್ಟದ್ದನ್ನು ಹೇಳಿದ. ಇನ್ನೊಬ್ಬಳು, ಬೋರ್ಡಿನ ಮೇಲೆ ತಾವು ಬರೆದಿಟ್ಟ ಲೆಕ್ಕವನ್ನು ನೋಡಿ “ಎಷ್ಟು ಚೆನ್ನಾಗಿ ಬಿಡಿಸಿದ್ದೀನಲ್ಲ” ಎಂದು ಅವರು ಮೆಚ್ಚಿಕೊಂಡದ್ದನ್ನು. ವಕೀಲರು ಮೆಲ್ಲಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಎರಡು ವರ್ಷ ದಿನವೂ ಆ ಒಂದು ಗಂಟೆಗೆ ಬಾಗಿಲು ದಾಟಿ ಹೋಗುತ್ತಿದ್ದ ಮನುಷ್ಯ ಅಲ್ಲಿ ಏನಾಗಿದ್ದ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಕುರ್ಚಿಯನ್ನು ಮಕ್ಕಳ ಸಾಲಿಗೆ ಎಳೆದುಕೊಂಡು ಹೋಗಿ ಕೂತರು.

ಸಂಜೆಯಾಯಿತು. ದೊಡ್ಡವರೆಲ್ಲ ಹೊರಟರು. ಗಂಡ ಕುರ್ಚಿಗಳನ್ನು ಮಡಚುತ್ತ, ಗೋಡೆಗೆ ಒರಗಿಸುತ್ತ ಬಂದ. ಸೊಸೆಯೂ ಒಂದು ಸಾಲು ಮಡಚಿದಳು. ಕೊನೆಗೆ ತಾಯಿಯ ಬಳಿ ಬಂದು ಅವನು ಕುರ್ಚಿಯ ಬೆನ್ನು ಮುಟ್ಟಿದ. “ಏಳಮ್ಮ, ಉಗ್ರಾಣಕ್ಕೆ ಬೀಗ ಹಾಕಬೇಕು.”

“ತಡಿಯೋ,” ಅಂದರು ಅತ್ತೆ, ಅವನತ್ತ ತಿರುಗದೆ. “ಇನ್ನೂ ಐದು ಮಕ್ಕಳ ಪಾಳಿ ಇದೆ.”